ಉಪ್ಪಾಗೆ ಬೆಟ್ಟ ಇಳಿದು ಕ್ಯಾಪ್ಸೂಲ್ ಆಗಿ ವಾಪಸ್ ಬಂದಾಗ: ‘ಸೈಡ್ ಎಫೆಕ್ಟ್ ಇಲ್ಲ’ ಎಂಬ ಮಾತಿಗೆ ಹೊಣೆ ಯಾರು?

ಮೂಡಿಗೆರೆ ತಾಲ್ಲೂಕಿನ ಜಾವಳಿ ಅಂದ್ರೆ ಹೊರಗಿನವರಿಗೆ ಹೇಮಾವತಿ ಹುಟ್ಟುವ ಊರು. ಅಲ್ಲಿಂದ ಕಳಸದ ಕಡೆ ಹೋದರೂ, ಕೊಟ್ಟಿಗೆಹಾರದ ಕಡೆ ಬಂದರೂ ಕಣ್ಣಿಗೆ ಬೀಳೋದು ಒಂದೇ ನೋಟ: ಕಾಫಿ ತೋಟ, ನೆರಳು ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ತೋಟ ಮುಗಿದಲ್ಲಿ ಕಾಡು. ಆ ಕಾಡಿನ ಮರಗಳಲ್ಲಿ ಉಪ್ಪಾಗೆಯೂ ಒಂದು. ಕೆಲವು ಕಡೆ ಮಂತುಹುಳಿ ಅಂತಾರೆ. ಸಿಪ್ಪೆ ಒಣಗಿಸಿ ಹುಳಿಗೆ ಬಳಸೋದು, ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯೋದು ಮಲೆನಾಡಿಗೆ ಹಳೆಯ ಸಂಗತಿ. ಕೊಡಗಿನ ಕಾಚಂಪುಳಿ, ಕೇರಳದ ಮೀನು ಸಾರಿನ ಕುಡಂಪುಳಿ ಎರಡೂ ಇದೇ ಹಣ್ಣು.

ಈ ಹಣ್ಣಿಗೆ ಇನ್ನೊಂದು ಹೆಸರಿದೆ. ಆನ್‌ಲೈನ್ ಅಂಗಡಿಗಳಲ್ಲಿ ‘ತೂಕ ಇಳಿಸಿ’ ಅಂತ ಹುಡುಕಿದರೆ ಸಿಗುವ ಹೆಸರು ಅದು: ಗಾರ್ಸಿನಿಯಾ ಕಾಂಬೋಜಿಯಾ. ಹಸಿರು ಬಾಟಲಿ, ಎಲೆಯ ಚಿತ್ರ, ‘ನೂರಕ್ಕೆ ನೂರು ನೈಸರ್ಗಿಕ’, ‘ಯಾವುದೇ ಸೈಡ್ ಎಫೆಕ್ಟ್ ಇಲ್ಲ’. 2025ರಲ್ಲಿ ಫ್ರಾನ್ಸ್ ಸರ್ಕಾರದ ಆಹಾರ ಸುರಕ್ಷತಾ ಸಂಸ್ಥೆ ತನ್ನ ಜನರಿಗೆ ಹೇಳಿದ್ದು ಬೇರೆಯೇ ಮಾತು: ಈ ಗಿಡದ ಅಂಶವಿರುವ ಪೂರಕಗಳನ್ನು ಸೇವಿಸಬೇಡಿ, ಯಕೃತ್ತಿಗೆ ಗಂಭೀರ ಹಾನಿಯ ಪ್ರಕರಣಗಳು ವರದಿಯಾಗಿವೆ.

ಅಜ್ಜಿ ಸಾರಿಗೆ ಹಾಕುತ್ತಿದ್ದ ಹುಳಿ ಯಕೃತ್ತಿಗೆ ವಿಷವಾಗಿದ್ದು ಹೇಗೆ? ವಿಷವಾಗೋ ಸಾಧ್ಯತೆ ಇದ್ದರೆ ಬಾಟಲಿಯ ಮೇಲೆ ಅದನ್ನು ಬರೆಯಲು ನಮ್ಮ ಕಾನೂನು ಯಾಕೆ ಹೇಳುವುದಿಲ್ಲ? ಈ ಎರಡೂ ಪ್ರಶ್ನೆಗಳನ್ನು ಒಟ್ಟಿಗೆ ಕೇಳಬೇಕಿದೆ. ಮೊದಲನೆಯದು ವಿಜ್ಞಾನ, ಎರಡನೆಯದು ರಾಜಕಾರಣ.

ಹುಳಿ ಬೇರೆ, ಸಾರ ಬೇರೆ

ಉಪ್ಪಾಗೆ ಸಿಪ್ಪೆಯಲ್ಲಿ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಇದೆ. ಇದು ದೇಹದಲ್ಲಿ ಕೊಬ್ಬು ತಯಾರಾಗೋದನ್ನು ತಡೆಯಬಹುದು ಎಂಬ ಊಹೆ ಪ್ರಯೋಗಾಲಯದಲ್ಲಿ ಹುಟ್ಟಿತು. 1990ರ ದಶಕದಲ್ಲಿ ಅಮೆರಿಕದ ತೂಕ ಇಳಿಸೋ ಮಾರುಕಟ್ಟೆ ಇದನ್ನು ಹಿಡಿದುಕೊಂಡಿತು. ಶಿರಸಿ, ಸಿದ್ದಾಪುರ ಭಾಗದ ಕಾಡುಗಳಲ್ಲಿ ಉಪ್ಪಾಗೆಗೆ ದಿಢೀರ್ ಬೆಲೆ ಬಂತು. ಮಳೆಗಾಲದಲ್ಲಿ ಹಣ್ಣು ಕೊಯ್ದು, ಬಿಸಿಲಿಲ್ಲದ ಕಾರಣ ಸೌದೆ ಬೆಂಕಿಯಲ್ಲಿ ಸಿಪ್ಪೆ ಒಣಗಿಸಿ ಮಾರುವುದು ಬಡ ಕುಟುಂಬಗಳ ಆದಾಯವಾಯಿತು. ಇದರಿಂದ ಮರಗಳ ಮೇಲೆ, ಸೌದೆಯ ಮೇಲೆ ಬಿದ್ದ ಒತ್ತಡದ ಬಗ್ಗೆ ಪರಿಸರ ಸಂಶೋಧಕರು ಬರೆದಿದ್ದಾರೆ.

ಇಷ್ಟೆಲ್ಲ ಆದ ಮೇಲೆ, ತೂಕ ಇಳಿಯುತ್ತಾ? 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಬಂತು. 135 ಜನ, 12 ವಾರ, ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ, ಇನ್ನೊಂದು ಗುಂಪಿಗೆ ಔಷಧವಿಲ್ಲದ ಹುಸಿ ಮಾತ್ರೆ. ಹುಸಿ ಮಾತ್ರೆಗಿಂತ ಉಪ್ಪಾಗೆ ಸಾರದಿಂದ ಹೆಚ್ಚೇನೂ ತೂಕ ಇಳಿಯಲಿಲ್ಲ. ಮಾರಾಟ ಮಾತ್ರ ನಿಲ್ಲಲಿಲ್ಲ.

2009ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ‘ಹೈಡ್ರಾಕ್ಸಿಕಟ್’ ಎಂಬ ಜನಪ್ರಿಯ ಪೂರಕವನ್ನು ಬಳಸಬೇಡಿ ಅಂತ ಎಚ್ಚರಿಸಿತು. ಗಂಭೀರ ತೊಂದರೆಯ 23 ವರದಿಗಳು ಬಂದಿದ್ದವು, ಒಂದು ಸಾವೂ ಸೇರಿ. ಆ ಉತ್ಪನ್ನಗಳಲ್ಲಿ ಹತ್ತಾರು ಅಂಶಗಳಿದ್ದವು. ಯಾವುದು ಕಾರಣ ಅಂತ ಆಗ ಬೇರ್ಪಡಿಸಿ ಹೇಳಲು ಆಗಲಿಲ್ಲ. ಉತ್ತರ ಸ್ಪಷ್ಟವಾಗಿದ್ದು ಆಮೇಲೆ. ಔಷಧಗಳಿಂದ ಯಕೃತ್ತಿಗೆ ಆಗುವ ಹಾನಿಯನ್ನು ದಾಖಲಿಸುವ ಅಮೆರಿಕದ ಜಾಲವೊಂದು 2004ರಿಂದ 2018ರವರೆಗಿನ ತನ್ನ ಪ್ರಕರಣಗಳನ್ನು ಜಾಲಾಡಿ, ಗಾರ್ಸಿನಿಯಾಗೆ ಸಂಬಂಧಿಸಿದ 22 ಪ್ರಕರಣಗಳನ್ನು 2022ರಲ್ಲಿ ಪ್ರಕಟಿಸಿತು. ಐದು ಪ್ರಕರಣಗಳಲ್ಲಿ ಗಾರ್ಸಿನಿಯಾ ಮಾತ್ರ ಇತ್ತು. ಹೆಚ್ಚಿನವುಗಳಲ್ಲಿ ಅದರ ಜೊತೆ ಗ್ರೀನ್ ಟೀ ಸಾರವಿತ್ತು.

ಇಲ್ಲಿ ಅರ್ಥ ಮಾಡಿಕೊಳ್ಳಬೇಕಾದ ಮುಖ್ಯ ಸಂಗತಿ ಪ್ರಮಾಣದ್ದು. ಸಾರಿಗೆ ಹಾಕುವ ನಾಲ್ಕು ಚೂರು ಸಿಪ್ಪೆಯನ್ನು ಇಡೀ ಮನೆ ಹಂಚಿಕೊಂಡು ತಿನ್ನುತ್ತೆ, ಅದೂ ವಾರಕ್ಕೊಮ್ಮೆಯೋ ಎರಡು ಬಾರಿಯೋ. ಕ್ಯಾಪ್ಸೂಲಿನಲ್ಲಿ ಇರುವುದು ಸಿಪ್ಪೆಯಲ್ಲ. ರಾಸಾಯನಿಕವಾಗಿ ಹಿಂಡಿ, ಆಮ್ಲದ ಪ್ರಮಾಣವನ್ನು ಅರ್ಧಕ್ಕಿಂತ ಮೇಲೆ ಏರಿಸಿದ ಪುಡಿ. ಅದನ್ನು ಒಬ್ಬರೇ, ಪ್ರತಿದಿನ, ತಿಂಗಳುಗಟ್ಟಲೆ ನುಂಗುತ್ತಾರೆ. ‘ನಮ್ಮ ಹಿರಿಯರು ತಿಂದು ಬದುಕಿಲ್ವಾ?’ ಅನ್ನೋ ವಾದ ಇಲ್ಲಿ ನಿಲ್ಲುವುದಿಲ್ಲ. ಹಿರಿಯರು ಇದನ್ನು ತಿಂದೇ ಇಲ್ಲ.

ಎರಡನೇ ಸಂಗತಿ: ಇಂಥ ಹಾನಿ ಎಲ್ಲರಿಗೂ ಆಗುವುದಿಲ್ಲ. ಸಾವಿರಾರು ಜನರಲ್ಲಿ ಯಾರೋ ಒಬ್ಬರಿಗೆ ಆಗುತ್ತೆ, ಯಾರಿಗೆ ಅಂತ ಮೊದಲೇ ಗೊತ್ತಾಗುವುದಿಲ್ಲ. ಅದೇ ಅಮೆರಿಕದ ಅಧ್ಯಯನದಲ್ಲಿ ಎಚ್‌ಎಲ್‌ಎ-ಬಿ 35:01 ಎಂಬ ಒಂದು ವಂಶವಾಹಿ ಗುರುತು ಹಾನಿಗೊಳಗಾದವರಲ್ಲಿ ಹೆಚ್ಚಾಗಿ ಕಂಡಿತು. ಆ ಗುರುತು ತನ್ನಲ್ಲಿದೆಯೋ ಇಲ್ಲವೋ ಅಂತ ಜಿಮ್‌ಗೆ ಹೋಗುವ ಯಾವ ಹುಡುಗನಿಗೆ ಗೊತ್ತಿರುತ್ತೆ? ಆದ್ದರಿಂದ ‘ನಾನು ಆರು ತಿಂಗಳಿಂದ ತಗೊಳ್ತಿದ್ದೀನಿ, ಏನೂ ಆಗಿಲ್ಲ’ ಎಂಬ ರೀಲ್ ಸಾಕ್ಷ್ಯ ಅಲ್ಲ. ಅವನಿಗೆ ಆಗಿಲ್ಲ, ಅಷ್ಟೇ.

ಕಾಫಿ ಬೆಟ್ಟದ ಹೆಸರಲ್ಲಿ ಒಂದು ಸುಳ್ಳು

ಉಪ್ಪಾಗೆ ಕಾಡಿನದ್ದಾಯಿತು. ಈಗ ತೋಟದ ಬೆಳೆಗೆ ಬನ್ನಿ. ಹುರಿಯದ ಕಾಫಿ ಬೀಜದ ಸಾರ, ‘ಗ್ರೀನ್ ಕಾಫಿ’, ತೂಕ ಇಳಿಸುತ್ತೆ ಎಂಬ ಪ್ರಚಾರ 2012ರಲ್ಲಿ ಅಮೆರಿಕದ ಟಿವಿ ವೈದ್ಯ ಡಾ. ಆಜ್ ಅವರ ಕಾರ್ಯಕ್ರಮದಿಂದ ಜಗತ್ತಿಗೆಲ್ಲ ಹಬ್ಬಿತು. ಆ ಪ್ರಚಾರಕ್ಕೆ ಆಧಾರವಾಗಿದ್ದ ಪ್ರಯೋಗ ನಡೆದದ್ದು ಬೆಂಗಳೂರಿನಲ್ಲಿ. ಅದರಲ್ಲಿ ಇದ್ದವರು ಬರೀ 16 ಜನ. 22 ವಾರಗಳಲ್ಲಿ ಸರಾಸರಿ ಎಂಟು ಕೆಜಿ ಇಳಿದರು ಅಂತ ಪ್ರಬಂಧ ಹೇಳಿತು.

2014ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಪ್ರಯೋಗಕ್ಕೆ ಹಣ ಕೊಟ್ಟಿದ್ದ ಅಪ್ಲೈಡ್ ಫುಡ್ ಸೈನ್ಸಸ್ ಕಂಪನಿಯ ವಿರುದ್ಧದ ದೂರನ್ನು ಇತ್ಯರ್ಥ ಮಾಡಿತು. ಪ್ರಯೋಗದಲ್ಲಿದ್ದವರ ತೂಕದ ಅಂಕಿಗಳನ್ನು ಪದೇ ಪದೇ ಬದಲಿಸಲಾಗಿತ್ತು, ಯಾರಿಗೆ ಸಾರ ಕೊಟ್ಟರು, ಯಾರಿಗೆ ಹುಸಿ ಮಾತ್ರೆ ಕೊಟ್ಟರು ಅನ್ನುವುದೇ ಗೊಂದಲವಾಗಿತ್ತು ಎಂಬುದು ಕಮಿಷನ್‌ನ ಆರೋಪ. ಕಂಪನಿ 35 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಮುಂದಿನ ತಿಂಗಳು ಪ್ರಬಂಧವನ್ನು ಹಿಂಪಡೆಯಲಾಯಿತು.

ನಮ್ಮ ರಾಜಧಾನಿಯಲ್ಲಿ ನಡೆದ ಪ್ರಯೋಗದ ಸುಳ್ಳನ್ನು ಬಯಲಿಗೆಳೆದಿದ್ದು ಅಮೆರಿಕದ ಜಾಹೀರಾತು ನಿಯಂತ್ರಕ ಸಂಸ್ಥೆ. ಪ್ರಬಂಧ ಸತ್ತು ಹತ್ತು ವರ್ಷದ ಮೇಲಾಯಿತು, ಆದರೆ ಗ್ರೀನ್ ಕಾಫಿ ಪೊಟ್ಟಣಗಳು ಇವತ್ತೂ ತೂಕ ಇಳಿಸೋ ಭರವಸೆಯೊಂದಿಗೆ ಮಾರಾಟವಾಗುತ್ತಿವೆ. ‘ವೈಜ್ಞಾನಿಕವಾಗಿ ಸಾಬೀತಾಗಿದೆ’ ಅಂತ ಬಾಟಲಿ ಮೇಲೆ ಇದ್ದರೆ ಮುಂದಿನ ಪ್ರಶ್ನೆ ಕೇಳಿ: ಎಷ್ಟು ಜನರ ಮೇಲೆ? ಹಣ ಯಾರದ್ದು?

ಅರಿಶಿನ, ಮೆಣಸು, ಮತ್ತೆ ಬೆಂಗಳೂರು

ಅರಿಶಿನ ಹಾಲಿಗೆ ಒಂದು ಚಿಟಿಕೆ ಮೆಣಸಿನ ಪುಡಿ ಹಾಕಿ ಅಂತ ಹೇಳುವ ವಾಟ್ಸಾಪ್ ಸಂದೇಶ ಎಲ್ಲರೂ ನೋಡಿರುತ್ತೀರಿ. ಅದರ ಹಿಂದೆ ನಿಜವಾದ ವಿಜ್ಞಾನವೇ ಇದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಪ್ರಕಟಿಸಿದ ಅಧ್ಯಯನ ಹೇಳಿದ್ದು: ಅರಿಶಿನದ ಕರ್ಕ್ಯುಮಿನ್ ಜೊತೆ ಮೆಣಸಿನ ಪೈಪರಿನ್ ಕೊಟ್ಟರೆ ಮನುಷ್ಯರ ದೇಹಕ್ಕೆ ದಕ್ಕುವ ಕರ್ಕ್ಯುಮಿನ್ ಪ್ರಮಾಣ ಶೇ. 2,000ರಷ್ಟು ಹೆಚ್ಚುತ್ತೆ.

ಪೂರಕ ಉದ್ಯಮ ಇದನ್ನು ಜಾಹೀರಾತಿಗೆ ಬಳಸಿತು. ಆದರೆ ಆ ಅಂಕಿಯನ್ನು ಇನ್ನೊಂದು ದಿಕ್ಕಿನಿಂದ ಓದಬೇಕು. ಅರಿಶಿನದ ಹೆಚ್ಚಿನ ಭಾಗವನ್ನು ದೇಹ ಒಳಗೆ ಬಿಟ್ಟುಕೊಳ್ಳದೆ ಹೊರಹಾಕುತ್ತೆ. ಪೈಪರಿನ್ ಮಾಡುವುದು ಏನು? ಯಕೃತ್ತು ಮತ್ತು ಕರುಳು ಹೊರಗಿನ ವಸ್ತುಗಳನ್ನು ಕರಗಿಸಿ ಕಳಿಸುವ ಕೆಲಸವನ್ನು ನಿಧಾನಗೊಳಿಸುತ್ತೆ. ಅಂದ್ರೆ ಕಾವಲುಗಾರನನ್ನು ಪಕ್ಕಕ್ಕೆ ಸರಿಸಿದ ಹಾಗೆ. ಸಾಂಬಾರಿನ ಪ್ರಮಾಣದಲ್ಲಿ ಇದು ಲೆಕ್ಕಕ್ಕಿಲ್ಲ. ಕ್ಯಾಪ್ಸೂಲ್ ಪ್ರಮಾಣದಲ್ಲಿ, ಅದರಲ್ಲೂ ಫಿಟ್ಸ್‌ಗೋ ಹೃದಯಕ್ಕೋ ಬೇರೆ ಮಾತ್ರೆ ತಗೊಳ್ತಾ ಇರುವವರಲ್ಲಿ, ಲೆಕ್ಕಕ್ಕೆ ಬರುತ್ತೆ.

ಅಮೆರಿಕದ ಅದೇ ಜಾಲ 2022ರಲ್ಲಿ ಅರಿಶಿನ ಪೂರಕಗಳಿಂದ ಯಕೃತ್ತಿಗೆ ಹಾನಿಯಾದ ಹತ್ತು ಪ್ರಕರಣಗಳನ್ನು ವಿವರಿಸಿತು. ಐವರು ಆಸ್ಪತ್ರೆ ಸೇರಿದರು, ಒಬ್ಬರು ಸತ್ತರು. ಪರೀಕ್ಷಿಸಿದ ಏಳು ಉತ್ಪನ್ನಗಳಲ್ಲೂ ಅರಿಶಿನ ಇತ್ತು, ಮೂರರಲ್ಲಿ ಪೈಪರಿನ್ ಕೂಡ ಇತ್ತು. ಹತ್ತರಲ್ಲಿ ಏಳು ಜನರಿಗೆ ಮೇಲೆ ಹೇಳಿದ ಅದೇ ವಂಶವಾಹಿ ಗುರುತು. ಕಲಬೆರಕೆಯಿಂದ ಹೀಗಾಗಿದೆ ಅಂತ ತಳ್ಳಿಹಾಕುವುದು ಇಲ್ಲಿ ಸುಲಭವಲ್ಲ.

ಅಮೃತಬಳ್ಳಿ ಮತ್ತು ಒಂದು ಸಚಿವಾಲಯ

ಇವೆಲ್ಲ ಅಮೆರಿಕದ ಕಥೆ, ನಮ್ಮ ದೇಹಕ್ಕೆ ನಮ್ಮ ಗಿಡ ಒಗ್ಗುತ್ತೆ ಅನ್ನುವವರಿದ್ದಾರೆ. ಸರಿ, ನಮ್ಮಲ್ಲೇ ನೋಡೋಣ.

ಕೋವಿಡ್ ಕಾಲದಲ್ಲಿ ಅಮೃತಬಳ್ಳಿ, ಮಾರುಕಟ್ಟೆ ಭಾಷೆಯಲ್ಲಿ ಗಿಲೋಯ್, ಮನೆಮನೆಗೆ ಬಂತು. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೆ ಅಂತ ಸರ್ಕಾರಿ ಸಲಹೆಗಳಲ್ಲೂ ಇತ್ತು. 2020ರ ಕೊನೆಯ ತಿಂಗಳುಗಳಲ್ಲಿ ಮುಂಬೈನ ವೈದ್ಯರು ಇದನ್ನು ಸೇವಿಸಿದ ಆರು ಜನರಲ್ಲಿ ಯಕೃತ್ತಿನ ಉರಿಯೂತ ಕಂಡರು; 2021ರಲ್ಲಿ ಅದನ್ನು ಪ್ರಕಟಿಸಿದರು. ಆಯುಷ್ ಸಚಿವಾಲಯದ ಪ್ರತಿಕ್ರಿಯೆ? ಅಧ್ಯಯನ ದಾರಿ ತಪ್ಪಿಸುವಂಥದ್ದು, ವೈದ್ಯರು ಗಿಡವನ್ನು ಸರಿಯಾಗಿ ಗುರುತಿಸಿಲ್ಲ, ಅದು ಅದೇ ಜಾತಿಯ ಬೇರೆ ಬಳ್ಳಿ ಇರಬಹುದು.

ಸಚಿವಾಲಯದ ವಾದವನ್ನೇ ಒಪ್ಪಿಕೊಳ್ಳಿ. ಜನ ತಿಂದದ್ದು ಬೇರೆ ಬಳ್ಳಿಯೇ ಆಗಿದ್ದರೆ, ‘ಗಿಲೋಯ್’ ಹೆಸರಲ್ಲಿ ಬೇರೆ ಬಳ್ಳಿ ಮಾರಾಟವಾಗದಂತೆ ನೋಡಿಕೊಳ್ಳಬೇಕಾದವರು ಯಾರು? ಅದೇ ಸಚಿವಾಲಯದ ಅಡಿಯ ವ್ಯವಸ್ಥೆ ತಾನೇ? ‘ಸರಿಯಾದ ಗಿಡ ಸುರಕ್ಷಿತ’ ಅಂದ ಮಾತ್ರಕ್ಕೆ ಆಸ್ಪತ್ರೆ ಸೇರಿದವರಿಗೆ ಸಿಕ್ಕಿದ್ದೇನು? 2022ರಲ್ಲಿ ದೇಶದ 13 ಕೇಂದ್ರಗಳ ವೈದ್ಯರು ಸೇರಿ ಇಂಥ 43 ರೋಗಿಗಳ ವಿವರ ಪ್ರಕಟಿಸಿದರು. ದೇಹದ ರೋಗನಿರೋಧಕ ವ್ಯವಸ್ಥೆಯೇ ಯಕೃತ್ತಿನ ಮೇಲೆ ಎರಗುವ ಲಕ್ಷಣ ಅವರಲ್ಲಿ ಕಂಡಿತ್ತು. ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಗಿಡ ಎಲ್ಲರಿಗೂ ಒಳ್ಳೆಯದಲ್ಲ ಎಂಬುದು ಇದರ ಸರಳ ಅರ್ಥ. ಥೈರಾಯ್ಡ್ ತರಹದ ಆಟೊಇಮ್ಯೂನ್ ಕಾಯಿಲೆ ಇರುವವರಿಗೆ ಅಪಾಯ ಜಾಸ್ತಿ.

ಗಿಡದ ಗುರುತು ತಪ್ಪಿದರೆ ಏನಾಗುತ್ತೆ ಅಂತ ಜಗತ್ತು ಒಮ್ಮೆ ಭೀಕರವಾಗಿ ಕಂಡಿದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸೋ ಚಿಕಿತ್ಸಾಲಯವೊಂದು ಕೊಟ್ಟ ಮಾತ್ರೆಗಳಲ್ಲಿ ಒಂದು ಚೀನೀ ಮೂಲಿಕೆಯ ಬದಲು ಅರಿಸ್ಟೊಲೋಕಿಯಾ ಜಾತಿಯ ಗಿಡ ಸೇರಿಕೊಂಡಿತ್ತು. ನೂರಕ್ಕೂ ಹೆಚ್ಚು ಮಹಿಳೆಯರ ಮೂತ್ರಪಿಂಡ ಹಾಳಾಯಿತು, ಕೆಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಬಂತು. ನಮ್ಮಲ್ಲಿ ಹಾವು ಕಡಿತಕ್ಕೆ ಮದ್ದು ಅಂತ ಹೇಳುವ ಈಶ್ವರಿ ಬಳ್ಳಿ ಇದೇ ಅರಿಸ್ಟೊಲೋಕಿಯಾ ಕುಲದ್ದು. ಆ ಕುಲದ ಗಿಡಗಳಲ್ಲಿರುವ ಆಮ್ಲವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಸ್ಥೆ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಯಲ್ಲಿಟ್ಟಿದೆ.

ಇಂಗ್ಲಿಷ್ ಮದ್ದಿಗೆ ಸೈಡ್ ಎಫೆಕ್ಟ್ ಇಲ್ವಾ?

ಇದೆ. ಹೆಚ್ಚೇ ಇದೆ. ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಬೆಂಗಳೂರಿನಿಂದಲೇ ಬಂದಿದೆ. ಸೇಂಟ್ ಜಾನ್ಸ್‌ನ ಡಾ. ಹರ್ಷದ್ ದೇವರಭಾವಿ ಮತ್ತು ದೇಶದ ಇತರ ವೈದ್ಯರು ಔಷಧದಿಂದ ಯಕೃತ್ತಿಗೆ ಹಾನಿಯಾದ 1,288 ರೋಗಿಗಳ ಮಾಹಿತಿಯನ್ನು 2021ರಲ್ಲಿ ಪ್ರಕಟಿಸಿದರು. ಅದರಲ್ಲಿ ಮೊದಲ ಸ್ಥಾನ ಕ್ಷಯರೋಗದ ಮಾತ್ರೆಗಳದ್ದು, ಶೇ. 46ರಷ್ಟು. ಎರಡನೇ ಸ್ಥಾನ ಗಿಡಮೂಲಿಕೆ ಸೇರಿದಂತೆ ಪರ್ಯಾಯ ಔಷಧಗಳದ್ದು, ಸುಮಾರು ಶೇ. 14. ಫಿಟ್ಸ್ ಮಾತ್ರೆಗಳು ಅದಕ್ಕಿಂತ ಕೆಳಗೆ.

ಈಗ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಟಿಬಿ ಮಾತ್ರೆ ಯಕೃತ್ತಿಗೆ ತೊಂದರೆ ಕೊಡಬಹುದು ಅಂತ ವೈದ್ಯರಿಗೆ ಗೊತ್ತು, ಪೊಟ್ಟಣದಲ್ಲಿ ಬರೆದಿದೆ, ಕಣ್ಣು ಹಳದಿಯಾದರೆ ಬನ್ನಿ ಅಂತ ಆರೋಗ್ಯ ಕಾರ್ಯಕರ್ತೆ ಹೇಳುತ್ತಾರೆ. ಆ ಅಪಾಯವನ್ನು ಒಪ್ಪಿಕೊಳ್ಳೋದು ಕ್ಷಯ ಕೊಲ್ಲುತ್ತೆ, ಮಾತ್ರೆ ಉಳಿಸುತ್ತೆ ಎಂಬ ಕಾರಣಕ್ಕೆ. ತೂಕ ಇಳಿಸದ ತೂಕದ ಮಾತ್ರೆಗಾಗಿ ಯಕೃತ್ತನ್ನು ಪಣಕ್ಕಿಡೋದಕ್ಕೆ ಯಾವ ಕಾರಣ ಇದೆ? ಅಪಾಯ ಎರಡರಲ್ಲೂ ಇದೆ. ಒಂದರಲ್ಲಿ ಅದನ್ನು ಹೇಳಲೇಬೇಕು, ಇನ್ನೊಂದರಲ್ಲಿ ಮುಚ್ಚಿಡಬಹುದು. ನಮ್ಮ ತಕರಾರು ಇರುವುದು ಈ ವ್ಯತ್ಯಾಸದ ಬಗ್ಗೆ.

ಗಿಡವನ್ನು ಗೌರವಿಸೋದು ಅಂದ್ರೆ ಹೇಗೆ ಅನ್ನೋದಕ್ಕೂ ಪಶ್ಚಿಮ ಘಟ್ಟದಲ್ಲೇ ಉದಾಹರಣೆ ಇದೆ. ಇಲ್ಲಿನ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ವಸ್ತು ಸಿಗುತ್ತೆ. ಚೀನಾದ ಬೇರೊಂದು ಮರದಲ್ಲಿ ಇದನ್ನು ಮೊದಲು ಕಂಡಾಗ ಕ್ಯಾನ್ಸರ್‌ಗೆ ಮದ್ದಾಗಬಹುದು ಅನ್ನಿಸಿತು. ಮನುಷ್ಯರ ಮೇಲಿನ ಮೊದಲ ಪ್ರಯೋಗಗಳಲ್ಲಿ ಅಡ್ಡ ಪರಿಣಾಮ ತೀವ್ರವಾಗಿದ್ದರಿಂದ 1970ರ ದಶಕದಲ್ಲಿ ನಿಲ್ಲಿಸಿದರು. ಅದರ ರಚನೆಯನ್ನು ಮಾರ್ಪಡಿಸಿ, ಮತ್ತೆ ಪರೀಕ್ಷಿಸಿ, 1996ರಲ್ಲಿ ಅಮೆರಿಕದಲ್ಲಿ ಎರಡು ಔಷಧಗಳಿಗೆ ಒಪ್ಪಿಗೆ ಸಿಕ್ಕಿತು. ಇವತ್ತು ಕ್ಯಾನ್ಸರ್ ರೋಗಿಗಳಿಗೆ ಅವನ್ನು ಕೊಡುವಾಗ ಅಡ್ಡ ಪರಿಣಾಮಗಳ ಉದ್ದ ಪಟ್ಟಿಯನ್ನೂ ಕೊಡುತ್ತಾರೆ. ಗಿಡದಿಂದ ಬಂದದ್ದು ಅಂತ ಯಾರೂ ವಿನಾಯಿತಿ ಕೊಡಲಿಲ್ಲ. ಗಿಡಕ್ಕೆ ಶಕ್ತಿ ಇದೆ ಅಂತ ನಿಜವಾಗಿ ನಂಬುವವರು ಅದಕ್ಕೆ ಹಾನಿ ಮಾಡುವ ಶಕ್ತಿಯೂ ಇದೆ ಅಂತ ಒಪ್ಪಲೇಬೇಕು.

ಎರಡು ಬಾಗಿಲು, ಎರಡೂ ಸಡಿಲ

ಕಾನೂನಿನ ಕಡೆ ಬರೋಣ. ಗಿಡಮೂಲಿಕೆಯ ಕ್ಯಾಪ್ಸೂಲ್ ಭಾರತದ ಮಾರುಕಟ್ಟೆಗೆ ಬರಲು ಎರಡು ಬಾಗಿಲುಗಳಿವೆ.

ಮೊದಲನೆಯದು ಆಯುಷ್ ಬಾಗಿಲು. 1940ರ ಔಷಧ ಮತ್ತು ಪ್ರಸಾಧನ ಕಾಯ್ದೆಯಡಿ ಆಯುರ್ವೇದ ಔಷಧ ಅಂತ ಪರವಾನಗಿ ಪಡೆಯೋದು. ಪರವಾನಗಿ ಕೊಡುವುದು ರಾಜ್ಯ ಸರ್ಕಾರದ ಅಧಿಕಾರಿ. ಶಾಸ್ತ್ರಗ್ರಂಥಗಳಲ್ಲಿ ಹೆಸರಿರುವ ಮೂಲಿಕೆಗಳಿಂದ ಮಾಡಿದ್ದರೆ, ಅದು ವಿಷದ ಪಟ್ಟಿಯಲ್ಲಿ ಇಲ್ಲದಿದ್ದರೆ, ಸಾಮಾನ್ಯವಾಗಿ ಹೊಸ ಸುರಕ್ಷತಾ ಅಧ್ಯಯನ ಕೇಳುವುದಿಲ್ಲ. ಅಲೋಪತಿಯ ಹೊಸ ಔಷಧಕ್ಕೆ ಬೇಕಾಗುವ ಹಂತಹಂತದ ಮಾನವ ಪ್ರಯೋಗ ಇದಕ್ಕೆ ಬೇಡ.

ಎರಡನೆಯದು ಆಹಾರದ ಬಾಗಿಲು. ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನ್ಯೂಟ್ರಾಸ್ಯುಟಿಕಲ್ ನಿಯಮಗಳಡಿ ‘ಆರೋಗ್ಯ ಪೂರಕ’ ಅಂತ ಬರೋದು. ಇಲ್ಲಿ ಬಾಟಲಿಯ ಮೇಲೆ ‘ಔಷಧೀಯ ಬಳಕೆಗೆ ಅಲ್ಲ’ ಅಂತ ಮುದ್ರಿಸಲೇಬೇಕು. ನಿಮ್ಮ ಮನೆಯಲ್ಲಿರೋ ಬಾಟಲಿ ತೆಗೆದು ನೋಡಿ, ಹಿಂಬದಿಯಲ್ಲಿ ಚಿಕ್ಕ ಅಕ್ಷರದ ಇಂಗ್ಲಿಷಿನಲ್ಲಿ ಸಿಗುತ್ತೆ. ಮುಂಬದಿಯಲ್ಲಿ ಸಕ್ಕರೆ ಕಾಯಿಲೆ, ಮಂಡಿನೋವು, ತೂಕ ಅಂತ ಸೂಚಿಸುವ ಚಿತ್ರ ಇರುತ್ತೆ. ಮಾರಾಟ ಮಾಡೋವಾಗ ಔಷಧ, ಹೊಣೆ ಕೇಳುವಾಗ ಆಹಾರ.

ಇನ್ನು ಜಾಹೀರಾತು. 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಸಕ್ಕರೆ ಕಾಯಿಲೆ, ಕ್ಯಾನ್ಸರ್ ಸೇರಿದಂತೆ ಹಲವಾರು ಕಾಯಿಲೆಗಳನ್ನು ಗುಣಪಡಿಸುತ್ತೇವೆ ಅಂತ ಜಾಹೀರಾತು ಕೊಡುವುದನ್ನು ನಿಷೇಧಿಸಿದೆ. ಅದು ಪಾಲನೆಯಾಗುತ್ತಿಲ್ಲ ಅಂತಲೇ 2018ರ ಕೊನೆಯಲ್ಲಿ ಕೇಂದ್ರ ಸರ್ಕಾರ 170ನೇ ನಿಯಮ ತಂದಿತು: ಆಯುಷ್ ಔಷಧದ ಜಾಹೀರಾತಿಗೆ ಮೊದಲೇ ರಾಜ್ಯದ ಅನುಮತಿ ಪಡೆಯಬೇಕು. ಒಳ್ಳೆಯ ನಿಯಮ. ಮುಂದೇನಾಯ್ತು ನೋಡಿ.

2023ರ ಆಗಸ್ಟ್‌ನಲ್ಲಿ ಆಯುಷ್ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು 170ನೇ ನಿಯಮದಡಿ ಕ್ರಮ ಬೇಡ ಅಂದಿತು. 2024ರಲ್ಲಿ ಪತಂಜಲಿ ಜಾಹೀರಾತು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಪತ್ರದ ಬಗ್ಗೆ ಪ್ರಶ್ನಿಸಿತು. ಸಚಿವಾಲಯ ಜುಲೈನಲ್ಲಿ ನಿಯಮವನ್ನೇ ಕೈಬಿಡುವ ಅಧಿಸೂಚನೆ ಹೊರಡಿಸಿತು. ಆಗಸ್ಟ್‌ನಲ್ಲಿ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ಭಾರತೀಯ ವೈದ್ಯಕೀಯ ಸಂಘದ ಅರ್ಜಿಯನ್ನು ಮುಕ್ತಾಯಗೊಳಿಸುವಾಗ ಆ ತಡೆಯೂ ಹೋಯಿತು. ಬಾಬಾ ರಾಮ್‌ದೇವ್ ಪತ್ರಿಕೆಗಳಲ್ಲಿ ಕ್ಷಮೆ ಕೇಳಿದ್ದು ದೊಡ್ಡ ಸುದ್ದಿಯಾಯಿತು. ಎಲ್ಲರಿಗೂ ಅನ್ವಯವಾಗುತ್ತಿದ್ದ ನಿಯಮ ಇಲ್ಲವಾಗಿದ್ದು ಅಷ್ಟು ಸುದ್ದಿಯಾಗಲಿಲ್ಲ.

ಇದರ ಹಿಂದಿನ ಮೂಲ ಸಮಸ್ಯೆ ಒಂದೇ. ಆಯುಷ್ ಪದ್ಧತಿಗಳನ್ನು ಬೆಳೆಸಬೇಕಾದ ಸಚಿವಾಲಯವೇ ಅವುಗಳ ಅಪಾಯವನ್ನೂ ಹೇಳಬೇಕಾಗಿದೆ. ಪ್ರಚಾರಕನೂ ಕಾವಲುಗಾರನೂ ಒಬ್ಬನೇ ಆದಾಗ ಕಾವಲು ಸೋಲುತ್ತೆ. ‘ಸ್ವದೇಶಿ’, ‘ಪರಂಪರೆ’ ಅನ್ನೋ ಪದಗಳನ್ನು ಸೇರಿಸಿಬಿಟ್ಟರೆ, ಸುರಕ್ಷತೆಯ ಪ್ರಶ್ನೆ ಕೇಳಿದವನು ದೇಶದ ವಿರೋಧಿಯಾಗುತ್ತಾನೆ. 2021ರ ಫೆಬ್ರವರಿಯಲ್ಲಿ ಪತಂಜಲಿಯ ಕೊರೊನಿಲ್ ಕಾರ್ಯಕ್ರಮದ ವೇದಿಕೆಯಲ್ಲಿ ಅಂದಿನ ಕೇಂದ್ರ ಆರೋಗ್ಯ ಸಚಿವರೇ ಕೂತಿದ್ದನ್ನು ಮರೆಯಬೇಡಿ.

ಬೆಟ್ಟಕ್ಕೆ ಬಂದಾಗ

ಇಷ್ಟಕ್ಕೂ ಜಾವಳಿ, ಕಳಸ, ಬಾಳೂರು ಕಡೆಯ ಜನಕ್ಕೆ ಇದು ಯಾಕೆ ಮುಖ್ಯ? ಹಾನಿ ಎಲ್ಲ ಕಡೆ ಒಂದೇ ತರಹ ಆಗಬಹುದು, ಅದನ್ನು ಗುರುತಿಸುವ ಅವಕಾಶ ಮಾತ್ರ ಎಲ್ಲ ಕಡೆ ಒಂದೇ ಅಲ್ಲ.

ಯಕೃತ್ತಿನ ಹಾನಿ ಸದ್ದಿಲ್ಲದೆ ಶುರುವಾಗುತ್ತೆ. ಸುಸ್ತು, ಊಟ ಸೇರಲ್ಲ, ವಾಕರಿಕೆ, ಮೈ ತುರಿಕೆ, ಮೂತ್ರ ಗಾಢ ಹಳದಿ, ಆಮೇಲೆ ಕಣ್ಣು ಹಳದಿ. ಮಲೆನಾಡಿನಲ್ಲಿ ಕಾಮಾಲೆ ಅಂದ ತಕ್ಷಣ ಹೆಚ್ಚಿನವರು ಹೋಗೋದು ನಾಟಿ ಮದ್ದಿಗೆ. ಅಂದ್ರೆ ಒಂದು ಮೂಲಿಕೆಯಿಂದ ಆದ ಹಾನಿಗೆ ಇನ್ನೊಂದು ಮೂಲಿಕೆ. ಬಾಟಲಿ ಮಾತ್ರ ನಿಂತಿರುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದರೂ ‘ಏನು ಮಾತ್ರೆ ತಗೊಳ್ತಾ ಇದ್ದೀರಿ?’ ಅಂದರೆ ‘ಏನೂ ಇಲ್ಲ’ ಅಂತಾರೆ. ಸುಳ್ಳು ಹೇಳ್ತಿಲ್ಲ. ಬಾಟಲಿ ಕಳಿಸಿದವರೇ ‘ಇದು ಮಾತ್ರೆ ಅಲ್ಲ, ಬರೀ ಸೊಪ್ಪುಸದೆ’ ಅಂತ ನಂಬಿಸಿದ್ದಾರಲ್ಲ.

ಪರಿಸ್ಥಿತಿ ಬಿಗಡಾಯಿಸಿದರೆ ದೊಡ್ಡ ಆಸ್ಪತ್ರೆ ಇರುವುದು ಹಾಸನ ಅಥವಾ ಘಾಟಿ ಇಳಿದು ಮಂಗಳೂರು. 2019ರ ಆಗಸ್ಟ್ ಮಳೆಯಲ್ಲಿ ಚಾರ್ಮಾಡಿ ಘಾಟಿ ಕುಸಿದು ಬಂದ್ ಆಗಿದ್ದು ಇಲ್ಲಿಯವರಿಗೆ ನೆನಪಿದೆ. ಯಕೃತ್ತು ತೀವ್ರವಾಗಿ ಸೋಲುವಾಗ ದಿನಗಳಲ್ಲ, ಗಂಟೆಗಳು ಲೆಕ್ಕಕ್ಕೆ ಬರುತ್ತವೆ. ನಗರದವರಿಗೆ ಮಾರುವ ಅದೇ ಬಾಟಲಿ ಇಲ್ಲಿ ಹೆಚ್ಚು ಅಪಾಯಕಾರಿಯಾಗೋದು ಹೀಗೆ.

ಇದರಲ್ಲಿ ಇನ್ನೊಂದು ಅನ್ಯಾಯ ಇದೆ. ಕಾಡಿನ ಹಣ್ಣು, ತೋಟದ ಮೆಣಸು, ನಾಟಿ ವೈದ್ಯರ ಮೇಲೆ ಜನ ಇಟ್ಟ ನಂಬಿಕೆ, ಮೂರನ್ನೂ ಕೊಟ್ಟಿದ್ದು ಇಂಥ ಊರುಗಳು. ನಾಟಿ ವೈದ್ಯ ತಪ್ಪು ಮಾಡಿದರೆ ಊರಿನಲ್ಲಿ ಮುಖ ತೋರಿಸಬೇಕು, ರೋಗಿಯನ್ನು ಕಣ್ಣಾರೆ ನೋಡಿ ಕೊಡುತ್ತಾನೆ, ಪಥ್ಯ ಹೇಳುತ್ತಾನೆ, ಇಷ್ಟು ದಿನ ಸಾಕು ಅನ್ನುತ್ತಾನೆ. ಆ ಮದ್ದಿಗೂ ಅಪಾಯ ಇದೆ, ಅಲ್ಲಗಳೆಯುವಂತಿಲ್ಲ. ಆದರೆ ಅಲ್ಲಿ ಕೇಳಲು ಒಬ್ಬ ಮನುಷ್ಯನಾದರೂ ಇದ್ದಾನೆ. ಆನ್‌ಲೈನ್ ಬಾಟಲಿ ಅವನ ಹೆಸರಿನ ನಂಬಿಕೆಯನ್ನು ಎತ್ತಿಕೊಂಡಿದೆ, ಅವನ ಪಥ್ಯವನ್ನೂ ಹೊಣೆಯನ್ನೂ ಬಿಟ್ಟಿದೆ. ಹಾಗಾಗಿ ಈ ಟೀಕೆಯನ್ನು ಹಳ್ಳಿಯವರ ಮೂಢನಂಬಿಕೆ ಅಂತ ನಗೋದಕ್ಕೆ ಬಳಸಬೇಡಿ. ಈ ಕ್ಯಾಪ್ಸೂಲ್‌ಗಳ ಭರಾಟೆ ನಡೆಯುತ್ತಿರುವುದು ಓದಿದವರ ಜಿಮ್‌ಗಳಲ್ಲಿ, ಇನ್‌ಸ್ಟಾಗ್ರಾಂನಲ್ಲಿ.

ಏನು ಕೇಳಬೇಕು

ಮೊದಲು ನಮ್ಮ ಕೈಯಲ್ಲೇ ಇರೋದು. ಪೂರಕ ತಗೊಳ್ತಾ ಇದ್ದರೆ ವೈದ್ಯರಿಗೆ ಹೇಳಿ, ಬಾಟಲಿಯನ್ನೇ ಒಯ್ದು ತೋರಿಸಿ. ಗರ್ಭಿಣಿಯರು, ಯಕೃತ್ತಿನ ಅಥವಾ ಆಟೊಇಮ್ಯೂನ್ ತೊಂದರೆ ಇರುವವರು, ಟಿಬಿ, ಫಿಟ್ಸ್, ರಕ್ತ ತೆಳುವಾಗಿಸುವ ಮಾತ್ರೆಯಲ್ಲಿ ಇರುವವರು ಕೇಳದೆ ಶುರುಮಾಡಬೇಡಿ. ಮೂತ್ರ ಗಾಢವಾಗಿ ಕಣ್ಣು ಹಳದಿಯಾದರೆ ಪೂರಕ ಅವತ್ತೇ ನಿಲ್ಲಿಸಿ ಯಕೃತ್ತಿನ ರಕ್ತ ಪರೀಕ್ಷೆ ಮಾಡಿಸಿ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ಅವರನ್ನು ಕೇಳದೆ ನಿಲ್ಲಿಸಬೇಡಿ. ಔಷಧಗಳ ಅಡ್ಡ ಪರಿಣಾಮವನ್ನು ರೋಗಿಗಳೇ ವರದಿ ಮಾಡಬಹುದಾದ ರಾಷ್ಟ್ರೀಯ ಉಚಿತ ಸಹಾಯವಾಣಿ ಇದೆ: 1800-180-3024. ದೂರು ದಾಖಲಾಗದಿದ್ದರೆ ಹಾನಿಯೇ ಆಗಿಲ್ಲ ಅಂತ ಲೆಕ್ಕ.

ಆದರೆ ಎಲ್ಲವನ್ನೂ ಗ್ರಾಹಕರ ತಲೆಗೆ ಕಟ್ಟಿ ಸರ್ಕಾರ ಕೈತೊಳೆದುಕೊಳ್ಳುವ ಹಾಗಿಲ್ಲ. ಆಯುಷ್ ಔಷಧಗಳಿಗೆ ಪರವಾನಗಿ ಕೊಡುವುದು, ಅಂಗಡಿಯಿಂದ ಮಾದರಿ ತೆಗೆದು ಪರೀಕ್ಷಿಸುವುದು, ಸುಳ್ಳು ಜಾಹೀರಾತಿನ ಮೇಲೆ 1954ರ ಕಾಯ್ದೆಯಡಿ ಮೊಕದ್ದಮೆ ಹೂಡುವುದು, ಇವೆಲ್ಲ ರಾಜ್ಯದ ಕೈಯಲ್ಲಿರುವ ಅಧಿಕಾರ. ದಿಲ್ಲಿ 170ನೇ ನಿಯಮ ಕೈಬಿಟ್ಟಿತು ಅಂತ ಬೆಂಗಳೂರು ಸುಮ್ಮನೆ ಕೂರಬೇಕಿಲ್ಲ. ಕೇಳಬೇಕಾದ್ದು ನಾಲ್ಕು.

ಒಂದು, ಕರ್ನಾಟಕದಲ್ಲಿ ಮಾರಾಟವಾಗುವ ಪ್ರತಿ ಮೂಲಿಕೆ ಪೂರಕದ ಮೇಲೆ ಎಚ್ಚರಿಕೆ ಕನ್ನಡದಲ್ಲಿ, ಓದಲು ಬರುವ ಗಾತ್ರದಲ್ಲಿ ಇರಬೇಕು. ಗಾರ್ಸಿನಿಯಾ, ಅರಿಶಿನ ಸಾರ, ಗಿಲೋಯ್, ಗ್ರೀನ್ ಟೀ ಸಾರ ಇರುವ ಕ್ಯಾಪ್ಸೂಲ್‌ಗಳಿಗೆ ‘ಯಕೃತ್ತಿಗೆ ಹಾನಿಯಾಗಬಹುದು’ ಎಂಬ ಸಾಲು ಕಡ್ಡಾಯವಾಗಬೇಕು. ಕಾನೂನು ತಿದ್ದುಪಡಿ ಬೇಕಿದ್ದರೆ ರಾಜ್ಯ ಅದಕ್ಕಾಗಿ ಕೇಂದ್ರವನ್ನು ಒತ್ತಾಯಿಸಲಿ. ಎರಡು, ರಾಜ್ಯದ ಪ್ರಯೋಗಾಲಯಗಳು ಪರೀಕ್ಷಿಸಿದ ಮಾದರಿಗಳ ಫಲಿತಾಂಶ, ಕಂಪನಿಯ ಹೆಸರು ಸಮೇತ, ಸಾರ್ವಜನಿಕವಾಗಬೇಕು. ಮೂರು, ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿಯಲ್ಲೇ ‘ನಾಟಿ ಮದ್ದು, ಪುಡಿ, ಕ್ಯಾಪ್ಸೂಲ್ ಏನಾದರೂ ತಗೊಳ್ತಾ ಇದ್ದೀರಾ?’ ಎಂಬ ಪ್ರಶ್ನೆ ಇರಬೇಕು. ಬೈಯದೆ ಕೇಳಬೇಕು. ಬೈದರೆ ಯಾರೂ ಹೇಳಲ್ಲ. ನಾಲ್ಕು, ಮೂಲಿಕೆಗಳಿಂದಾದ ಹಾನಿಯ ವರದಿಯನ್ನು ಪರಿಶೀಲಿಸುವ ಕೆಲಸ ಅವುಗಳನ್ನು ಪ್ರಚಾರ ಮಾಡುವ ಇಲಾಖೆಯ ಕೈಯಲ್ಲಿ ಇರಬಾರದು.

ಮುಂದಿನ ಚುನಾವಣೆಯಲ್ಲಿ ಕಾಫಿ ಬೆಲೆ, ಆನೆ ಕಾಟ, ರಸ್ತೆ ಬಗ್ಗೆ ಕೇಳುವಾಗ ಈ ನಾಲ್ಕನ್ನೂ ಸೇರಿಸಿ ಕೇಳಿ. ಇವುಗಳಿಗೆ ಹೊಸ ಆಸ್ಪತ್ರೆ ಕಟ್ಟಬೇಕಿಲ್ಲ, ಕೋಟಿಗಟ್ಟಲೆ ಅನುದಾನವೂ ಬೇಡ. ಕಂಪನಿಗಳಿಗೆ ಬೇಸರವಾಗುತ್ತೆ, ಅದನ್ನು ಎದುರಿಸುವ ಮನಸ್ಸು ಸರ್ಕಾರಕ್ಕೆ ಬೇಕು.